ಹೊರದೇಶಕ್ಕೆ ಹೋದ ಮೇಲೆ ಕಾಡುವ ಒಂಟಿತನ: ಹಾಸನ, ಚಿಕ್ಕಮಗಳೂರು ಕಡೆಯವರಿಗೆ ಒಂದು ಸಮಗ್ರ ಮಾರ್ಗದರ್ಶಿ

ಹಾಸನ, ಚಿಕ್ಕಮಗಳೂರು ಕಡೆ ಹೊರದೇಶಕ್ಕೆ ಹೋಗುವುದು ಈಗ ಊರೆಲ್ಲ ಮಾತಾಡುವ ಸುದ್ದಿಯಲ್ಲ. ಎಂಎಸ್ ಓದಲು ಜರ್ಮನಿಗೆ, ನರ್ಸಿಂಗ್ ಕೆಲಸಕ್ಕೆ ಇಂಗ್ಲೆಂಡಿಗೆ, ಮದುವೆಯಾಗಿ ಅಮೆರಿಕಕ್ಕೆ, ಡ್ರೈವರ್ ಕೆಲಸಕ್ಕೆ ದುಬೈಗೆ ಹೋಗುತ್ತಲೇ ಇದ್ದಾರೆ. ವೀಸಾ, ಟಿಕೆಟ್, ಲಗೇಜಿನ ತೂಕ ಎಲ್ಲದರ ಬಗ್ಗೆ ಹೇಳಿಕೊಡುವವರು ಸಿಗುತ್ತಾರೆ. ಹೋದ ಮೂರನೇ ತಿಂಗಳಲ್ಲಿ, ಭಾನುವಾರ ಸಂಜೆ ಮಾತಾಡಲು ಯಾರೂ ಇಲ್ಲದಾಗ ಏನು ಮಾಡಬೇಕು ಅಂತ ಮಾತ್ರ ಯಾರೂ ಹೇಳುವುದಿಲ್ಲ. ಕೇಳಿದರೆ "ಅಭ್ಯಾಸ ಆಗುತ್ತೆ ಬಿಡು" ಅಂತಾರೆ. ಕೆಲವರಿಗೆ ಆಗುತ್ತೆ. ಸುಮಾರು ಜನಕ್ಕೆ ತಾನಾಗಿ ಆಗುವುದಿಲ್ಲ.

ನಾನು ಜರ್ಮನಿಯಲ್ಲಿ ಹಲವು ವರ್ಷ ಇದ್ದು ಹಾಸನಕ್ಕೆ ವಾಪಸ್ ಬಂದವಳು. ಹೊರಡುವ ಮಕ್ಕಳು, ಅವರ ಅಪ್ಪ ಅಮ್ಮ ಬಂದು ಕೇಳುತ್ತಿರುತ್ತಾರೆ. ಅವರಿಗೆ ಹೇಳುವುದನ್ನೇ ಇಲ್ಲಿ ಬರೆದಿದ್ದೇನೆ.

ಮೊದಲಿಗೆ ಒಂದು ಮಾತು. ನಮ್ಮೂರಲ್ಲಿ ಯಾರೂ ಹೊರಟು ನಿಂತು ಗೆಳೆತನ ಹುಡುಕುವುದಿಲ್ಲ. ಅದೇ ಹಾಲಿನ ಡೈರಿ, ಬೆಳಗಿನ ಅದೇ ಬಸ್ಸು, ಅದೇ ಕ್ಯಾಂಟೀನು, ವರ್ಷಕ್ಕೆ ಹತ್ತು ಮದುವೆ ಮನೆ. ಅದೇ ಮುಖ ಮತ್ತೆ ಮತ್ತೆ ಕಣ್ಣಿಗೆ ಬಿದ್ದು ಪರಿಚಯ ಆಗುತ್ತದೆ, ಅದೇ ಮುಂದೆ ಸ್ನೇಹ ಆಗುತ್ತದೆ. ಹೊರದೇಶದಲ್ಲಿ ಕೈತಪ್ಪುವುದು ಇದೇ. ಸಾವಿರ ಜನ ಕಾಣುತ್ತಾರೆ, ಎರಡನೇ ಸಲ ಯಾರೂ ಕಾಣುವುದಿಲ್ಲ. ಹಾಗಾಗಿ ಅಲ್ಲಿ ಮಾಡಬೇಕಾದ ಮುಖ್ಯ ಕೆಲಸ ಒಂದೇ: ಒಂದೇ ಜಾಗಕ್ಕೆ, ಒಂದೇ ಹೊತ್ತಿಗೆ, ಅದೇ ಜನರ ನಡುವೆ ಬಿಡದೆ ಹೋಗುವುದು. ಮುಂದೆ ಬರುವ ಎಲ್ಲ ಹೆಜ್ಜೆಗಳೂ ಇದರ ಸುತ್ತಲೇ ಇವೆ.

ಹೆಜ್ಜೆ 1: ನಿಮಗೆ ಏನು ಕಮ್ಮಿಯಾಗಿದೆ ನೋಡಿಕೊಳ್ಳಿ

ಅಮೆರಿಕದ ಸಮಾಜಶಾಸ್ತ್ರಜ್ಞ ರಾಬರ್ಟ್ ವೈಸ್ 1973ರಲ್ಲೇ ಒಂಟಿತನವನ್ನು ಎರಡು ಬಗೆ ಮಾಡಿ ಹೇಳಿದ್ದರು. ಮನಸ್ಸು ಬಿಚ್ಚಿ ಮಾತಾಡಲು ಒಬ್ಬರೂ ಇಲ್ಲ ಅನ್ನುವುದು ಒಂದು. ಜೊತೆಗೆ ಓಡಾಡಲು ಒಂದು ಬಳಗ ಇಲ್ಲ ಅನ್ನುವುದು ಇನ್ನೊಂದು. ಒಂದರ ಮದ್ದು ಇನ್ನೊಂದಕ್ಕೆ ನಾಟುವುದಿಲ್ಲ. ಗಂಡ ಹೆಂಡತಿ ಅನ್ಯೋನ್ಯವಾಗಿದ್ದರೂ ಆ ಊರಲ್ಲಿ ಮೂರನೆಯವರು ಯಾರೂ ಗೊತ್ತಿಲ್ಲ ಅಂದರೆ ಬೇಜಾರು ಕಾಡುತ್ತದೆ. ಆಗ ಗಂಡ "ನಾನಿಲ್ವಾ ನಿಂಗೆ?" ಅಂದರೆ ಏನೂ ಪ್ರಯೋಜನವಿಲ್ಲ. ಇನ್ನೊಂದು ಕಡೆ ಐದು ಹುಡುಗರು ಒಂದೇ ಫ್ಲಾಟಿನಲ್ಲಿ ಕ್ರಿಕೆಟ್, ಬಿರಿಯಾನಿ ಅಂತ ಗಲಾಟೆಯಾಗಿ ಇರುತ್ತಾರೆ. ಅವರಲ್ಲೊಬ್ಬನ ಅಪ್ಪನಿಗೆ ಆಪರೇಷನ್ ಅಂತ ಗೊತ್ತಾದ ದಿನ ಯಾರ ಹತ್ತಿರ ಹೇಳಿಕೊಳ್ಳಬೇಕು ಅಂತ ಅವನಿಗೆ ತಿಳಿಯುವುದಿಲ್ಲ.

ಎರಡು ಪ್ರಶ್ನೆ ಕೇಳಿಕೊಳ್ಳಿ. ರಾತ್ರಿ ಹನ್ನೊಂದಕ್ಕೆ ಜ್ವರ ಬಂದರೆ ಈ ಊರಲ್ಲಿ ಯಾರಿಗೆ ಫೋನ್ ಮಾಡುತ್ತೇನೆ? ಶನಿವಾರ ಸುಮ್ನೆ ಕಾಫಿಗೆ ಬಾ ಅಂದರೆ ಯಾರು ಬರುತ್ತಾರೆ? ಎರಡನೆಯದಕ್ಕೆ ಉತ್ತರ ಇಲ್ಲದಿದ್ದರೆ ನಾಲ್ಕನೇ ಹೆಜ್ಜೆ ನಿಮಗೆ ಮುಖ್ಯ. ಮೊದಲನೆಯದಕ್ಕೆ ಇಲ್ಲದಿದ್ದರೆ ಹೊಸ ಜನರನ್ನು ಹುಡುಕುತ್ತಾ ಹೋಗಬೇಡಿ. ಈಗಾಗಲೇ ಗೊತ್ತಿರುವ ಒಬ್ಬರ ಜೊತೆ ಇನ್ನಷ್ಟು ಹೊತ್ತು ಕಳೆಯಿರಿ. ಇಬ್ಬರೇ ನಡೆದು ಬನ್ನಿ, ಇಬ್ಬರೇ ಅಡುಗೆ ಮಾಡಿ. ಐದು ಜನ ಸೇರಿದ ಕಡೆ ಯಾರೂ ಒಳಗಿನ ಮಾತು ತೆಗೆಯುವುದಿಲ್ಲ.

ಹೆಜ್ಜೆ 2: ಹೊರಡುವ ಮೊದಲು ಊರಲ್ಲೇ ಮುಗಿಸಬೇಕಾದ್ದು

ಅಡುಗೆ ಕಲಿಯಿರಿ. ಹೊಟ್ಟೆಪಾಡಿಗೆ ಮಾತ್ರ ಅಲ್ಲ, ಮುಂದೆ ನಾಲ್ಕು ಜನರನ್ನು ಮನೆಗೆ ಕರೆಯಲು ಇದೇ ದಾರಿ. ಅಕ್ಕಿ ರೊಟ್ಟಿ, ಒಂದು ಸಾರು, ಒಂದು ಪಲ್ಯ, ಚಿತ್ರಾನ್ನ, ಕಾಯಿ ಚಟ್ನಿ ಬಂದರೆ ಸಾಕು. ವಿಡಿಯೋ ನೋಡಿ ಕಲಿತರಾಯಿತು ಅಂತ ಬಿಡಬೇಡಿ. ಅಮ್ಮನ ಪಕ್ಕ ನಿಂತು ಒಂದು ವಾರ ಕೈಯಾಡಿಸಿ.

ಹೋಗುವ ದೇಶದ ಭಾಷೆ ಬೇರೆಯಾದರೆ ಅದರ ಮೊದಲ ಹಂತವನ್ನಾದರೂ ಇಲ್ಲೇ ಮುಗಿಸಿ. ಕ್ಲಾಸು ಇಂಗ್ಲಿಷಿನಲ್ಲೇ ನಡೆಯುತ್ತೆ, ಭಾಷೆ ಯಾಕೆ ಅಂತ ಕೇಳುವವರಿದ್ದಾರೆ. ಕ್ಲಾಸು ನಡೆಯುತ್ತೆ. ಆಮೇಲೆ ಕಾರಿಡಾರಿನಲ್ಲಿ ನಗುವಾಗ ಎಲ್ಲರೂ ಅವರ ಭಾಷೆಯಲ್ಲೇ ನಗುತ್ತಾರೆ.

ಮನೆಯಲ್ಲಿ ಒಬ್ಬರನ್ನು ಆರಿಸಿಕೊಳ್ಳಿ. ಅಕ್ಕನೋ, ಚಿಕ್ಕಮ್ಮನೋ, ಸೋದರಮಾವನ ಮಗನೋ ಯಾರಾದರೂ ಆಗಲಿ. "ನಿಂಗೆ ಮಾತ್ರ ನಿಜ ಹೇಳ್ತೀನಿ, ಅಮ್ಮಂಗೆ ಹೇಳ್ಬೇಡ" ಅಂತ ಮೊದಲೇ ಒಪ್ಪಿಸಿಡಿ. ಅಪ್ಪ ಅಮ್ಮನ ಹತ್ತಿರ ಎಲ್ಲರೂ "ಚೆನ್ನಾಗಿದೀನಿ" ಅಂತಲೇ ಹೇಳುತ್ತಾರೆ. ಹಾಗೆ ಹೇಳಿ ಹೇಳಿ ನಿಜ ಹೇಳಲು ಜಾಗವೇ ಉಳಿಯುವುದಿಲ್ಲ.

ಲಗೇಜಿನ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಒಂದು ಚಿಕ್ಕ ಕಾಫಿ ಫಿಲ್ಟರ್, ನಮ್ಮ ಕಡೆಯ ಕಾಫಿ ಪುಡಿ, ಸಾರಿನ ಪುಡಿ ಇರಲಿ. ಐರೋಪ್ಯ ಒಕ್ಕೂಟದ ದೇಶಗಳಿಗೆ ಹೋಗುವವರು ಒಂದು ವಿಷಯ ಗಮನಿಸಿ. ಹೊರಗಿನಿಂದ ಹಾಲಿನ ಮತ್ತು ಮಾಂಸದ ಪದಾರ್ಥ ತರುವುದಕ್ಕೆ ಅಲ್ಲಿ ನಿಷೇಧವಿದೆ. ಅಜ್ಜಿ ಕಾಸಿ ಕೊಟ್ಟ ತುಪ್ಪವೂ, ಪೇಡವೂ ಅದರಲ್ಲಿ ಬರುತ್ತವೆ. ಏರ್‌ಪೋರ್ಟಿನ ಕಸದ ಬುಟ್ಟಿಗೆ ಹೋಗುವುದಕ್ಕಿಂತ ಮನೆಯಲ್ಲೇ ತಿಂದು ಹೊರಡಿ. ಆಸ್ಟ್ರೇಲಿಯಾದಲ್ಲಂತೂ ತಿನ್ನುವ ಪದಾರ್ಥ ಏನಿದ್ದರೂ ಫಾರಂನಲ್ಲಿ ಬರೆದು ತೋರಿಸಬೇಕು. ಮುಚ್ಚಿಟ್ಟು ಸಿಕ್ಕಿಬಿದ್ದರೆ ದಂಡ ಜೋರಾಗಿಯೇ ಬೀಳುತ್ತದೆ.

ಹೆಜ್ಜೆ 3: ಮೊದಲ ತಿಂಗಳು

ಮೊದಲ ತಿಂಗಳು ಒಂಟಿತನ ಅಷ್ಟಾಗಿ ಗೊತ್ತಾಗುವುದಿಲ್ಲ. ಬ್ಯಾಂಕ್ ಖಾತೆ, ಸಿಮ್, ಮನೆ, ವಿಳಾಸದ ನೋಂದಣಿ ಅಂತ ಓಡಾಟದಲ್ಲೇ ಮುಗಿದುಹೋಗುತ್ತದೆ. ಎಲ್ಲ ಹೊಸದು, ಎಲ್ಲದರ ಫೋಟೋ ಮನೆಗೆ. ಈ ಹುರುಪು ಇಳಿದ ಮೇಲೆ ಮನಸ್ಸು ಕುಸಿಯುವುದು ಬಹಳ ಜನಕ್ಕೆ ಆಗುವ ಅನುಭವ. ಕಲೆರ್ವೋ ಓಬರ್ಗ್ ಎಂಬ ಮಾನವಶಾಸ್ತ್ರಜ್ಞರು 1960ರಲ್ಲಿ ಬರೆದ ಲೇಖನದಿಂದ ಇದಕ್ಕೆ ಕಲ್ಚರ್ ಶಾಕ್ ಅನ್ನುವ ಹೆಸರು ಎಲ್ಲೆಡೆ ಹರಡಿತು. ಹಾಗಾಗಿ ಎರಡನೇ ತಿಂಗಳಲ್ಲಿ "ನಾನು ಇಲ್ಲಿಗೆ ಬರಲೇಬಾರದಿತ್ತು" ಅನಿಸಿದರೆ ಆ ವಾರವೇ ಟಿಕೆಟ್ ಬುಕ್ ಮಾಡಲು ಹೋಗಬೇಡಿ.

ಈ ತಿಂಗಳಲ್ಲಿ ಮಾಡುವ ಒಂದು ತೀರ್ಮಾನ ಮುಂದೆ ವರ್ಷಗಟ್ಟಲೆ ನಿಮ್ಮ ಜೊತೆ ಬರುತ್ತದೆ. ಅದು ಮನೆ. ಬಾಡಿಗೆ ಸ್ವಲ್ಪ ಕಮ್ಮಿ ಅಂತ ಊರಾಚೆ ಒಂಟಿ ಕೋಣೆ ಹಿಡಿಯುವುದಕ್ಕಿಂತ, ಅಡುಗೆಮನೆ ಹಂಚಿಕೊಳ್ಳುವ ಮನೆ ಒಳ್ಳೆಯದು. ಜರ್ಮನಿಯಲ್ಲಿ ಇಂಥ ಹಂಚಿಕೊಂಡ ಮನೆಗೆ ವೇಗೆ ಅಂತಾರೆ. ಕೋಣೆ ತೋರಿಸುವಾಗ ಅಲ್ಲಿರುವವರು ನಿಮ್ಮನ್ನು ಸಂದರ್ಶನ ಮಾಡಿದ ಹಾಗೆ ಮಾತಾಡಿಸುತ್ತಾರೆ. ಆಗ ನೀವೂ ಒಂದು ಪ್ರಶ್ನೆ ಕೇಳಿ: "ನೀವು ಒಟ್ಟಿಗೆ ಊಟ ಮಾಡ್ತೀರಾ, ಅಥವಾ ಯಾರ ಪಾಡಿಗೆ ಅವರಾ?" ಉತ್ತರ ನೋಡಿ ಆರಿಸಿ.

ಇನ್ನೊಂದು ಚಿಕ್ಕ ಕೆಲಸ. ಹತ್ತಿರದ ಒಂದೇ ಅಂಗಡಿಗೆ, ಒಂದೇ ಬೇಕರಿಗೆ ಹೋಗಿ. ಮೊಬೈಲಲ್ಲಿ ದಿನಸಿ ತರಿಸಬೇಡಿ. ಕೌಂಟರಿನ ಹೆಂಗಸು ಮೂರನೇ ವಾರ ನಿಮ್ಮನ್ನು ನೋಡಿ ನಕ್ಕರೆ ಅದೂ ಲೆಕ್ಕಕ್ಕಿದೆ.

ಹೆಜ್ಜೆ 4: ವಾರದ ಎರಡು ಹೊತ್ತು ಕಟ್ಟಿಕೊಳ್ಳಿ

ಈ ಮಾರ್ಗದರ್ಶಿಯಲ್ಲಿ ಒಂದೇ ಹೆಜ್ಜೆ ಪಾಲಿಸಲು ಆಗುತ್ತೆ ಅಂದರೆ ಇದನ್ನು ಪಾಲಿಸಿ.

ಕ್ಯಾನ್ಸಾಸ್ ವಿಶ್ವವಿದ್ಯಾಲಯದ ಜೆಫ್ರಿ ಹಾಲ್ ಅನ್ನುವವರು 2018ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಹೊಸ ಊರಿಗೆ ಬಂದವರು, ಹೊಸದಾಗಿ ಕಾಲೇಜು ಸೇರಿದವರು ಯಾರ ಜೊತೆ ಎಷ್ಟು ಹೊತ್ತು ಕಳೆದರೆ ಸ್ನೇಹ ಬೆಳೆಯಿತು ಅಂತ ನೋಡಿದರು. ಪರಿಚಯ ಸಾಧಾರಣ ಸ್ನೇಹ ಆಗಲು ಸುಮಾರು 50 ಗಂಟೆ, ಸ್ನೇಹಿತರು ಅನ್ನಿಸಿಕೊಳ್ಳಲು 90 ಗಂಟೆ, ಆಪ್ತರಾಗಲು 200 ಗಂಟೆಗಿಂತ ಜಾಸ್ತಿ ಬೇಕಾಯಿತು. ಆಫೀಸಿನಲ್ಲಿ ಪಕ್ಕಪಕ್ಕ ಕೂತ ಹೊತ್ತು ಅಷ್ಟಾಗಿ ಲೆಕ್ಕಕ್ಕೆ ಬರಲಿಲ್ಲ. ಜೊತೆಗೆ ತಿಂದ, ಆಡಿದ, ಹರಟಿದ ಹೊತ್ತು ಬಂತು.

ಈಗ ಲೆಕ್ಕ ಹಾಕಿ. ವಾರಕ್ಕೆ ಎರಡು ಗಂಟೆಯ ಒಂದು ಕ್ಲಾಸಿಗೆ ಸೇರಿದರೆ 50 ಗಂಟೆ ಆಗಲು 25 ವಾರ, ಅಂದರೆ ಆರು ತಿಂಗಳು. ಮೂರು ಸಲ ಹೋಗಿ "ಇಲ್ಲಿಯವರು ಯಾರೂ ಬೆರೆಯಲ್ಲ" ಅಂತ ಬಿಟ್ಟವರು ಆರು ಗಂಟೆಗೇ ಕೈಚೆಲ್ಲಿದ ಹಾಗಾಯಿತು. ಹಾಗಾಗಿ ಯಾವುದೇ ಗುಂಪಿಗೆ ಸೇರಿದರೂ ಹತ್ತು ಸಲ ಹೋಗುವವರೆಗೆ ಒಳ್ಳೆಯದೋ ಕೆಟ್ಟದೋ ಅಂತ ತೀರ್ಮಾನಿಸಬೇಡಿ. ಬೇಗ ಆಗಬೇಕಾದರೆ ಹೆಚ್ಚು ಹೊತ್ತು ಹಿಡಿಯುವುದನ್ನು ಆರಿಸಿ. ಒಂದು ದಿನದ ಬೆಟ್ಟದ ನಡಿಗೆಗೆ ಹೋದರೆ ಒಂದೇ ದಿನ ಎಂಟು ಗಂಟೆ ಸಿಗುತ್ತದೆ.

ಎರಡು ಹೊತ್ತು ಬೇಕು ಅಂದೆ. ಒಂದರಲ್ಲಿ ಮೈ ಬೆವರಲಿ. ಇನ್ನೊಂದರಲ್ಲಿ ಕೈ ಕೆಲಸ ಮಾಡಲಿ ಅಥವಾ ಬಾಯಿ ಹಾಡಲಿ.

ಮೈ ಬೆವರುವುದಕ್ಕೆ ನಾನು ಎಲ್ಲರಿಗೂ ಹೇಳುವುದು ಪಾರ್ಕ್‌ರನ್. 2004ರಲ್ಲಿ ಲಂಡನ್ನಿನ ಬುಷಿ ಪಾರ್ಕ್‌ನಲ್ಲಿ ಶುರುವಾಗಿ ಈಗ ಹಲವು ದೇಶಗಳಲ್ಲಿದೆ. ಪ್ರತಿ ಶನಿವಾರ ಬೆಳಿಗ್ಗೆ 5 ಕಿಲೋಮೀಟರ್, ಕಾಸು ಕೊಡಬೇಕಿಲ್ಲ. ಓಡಲೇಬೇಕು ಅಂತಿಲ್ಲ, ನಡೆದರೂ ಸರಿ. ಒಂದು ಗುಟ್ಟು ಹೇಳುತ್ತೇನೆ. ಓಡುವವರಾಗಿ ಹೋದರೆ ಯಾರಿಗೂ ನಿಮ್ಮ ಹೆಸರು ಗೊತ್ತಾಗಲು ತಿಂಗಳುಗಳು ಬೇಕು. ಸ್ವಯಂಸೇವಕರಾಗಿ, ಓಡಿ ಮುಗಿಸಿದವರ ಬಾರ್‌ಕೋಡ್ ಸ್ಕ್ಯಾನ್ ಮಾಡಲು ನಿಂತರೆ ಒಂದೇ ಬೆಳಿಗ್ಗೆ ಸುಮಾರು ಜನ ನಿಮ್ಮ ಮುಖ ನೋಡಿ "ಥ್ಯಾಂಕ್ಸ್" ಅಂತಾರೆ. ಮುಗಿದ ಮೇಲೆ ಹತ್ತಿರದ ಕೆಫೆಗೆ ಹೋಗುವ ರೂಢಿ ತುಂಬಾ ಕಡೆ ಇದೆ, ತಪ್ಪಿಸಬೇಡಿ. ನಿಜವಾದ ಮಾತುಕತೆ ಅಲ್ಲೇ.

ಜರ್ಮನಿಗೆ ಹೋದವರಿಗೆ ಇನ್ನೂ ದಾರಿಗಳಿವೆ. ಅಲ್ಲಿ ಪ್ರತಿಯೊಂದಕ್ಕೂ ಫೆರೈನ್ ಅನ್ನುವ ಸಂಘ ಇರುತ್ತದೆ. ಫುಟ್‌ಬಾಲಿಗೊಂದು, ಚೆಸ್ಸಿಗೊಂದು, ಜೇನು ಸಾಕುವವರಿಗೊಂದು. ಜರ್ಮನ್ನರು ದಾರಿಯಲ್ಲಿ ಸಿಕ್ಕವರನ್ನು ಸ್ನೇಹ ಮಾಡಿಕೊಳ್ಳುವುದು ಅಪರೂಪ, ಸಂಘದಲ್ಲಿ ಸಿಕ್ಕವರನ್ನು ಮಾಡಿಕೊಳ್ಳುತ್ತಾರೆ. ಮುಳ್ಳಯ್ಯನಗಿರಿ, ಬಿಸಿಲೆ ಘಾಟಿ ಕಡೆ ಓಡಾಡಿದವರಿಗೆ 1869ರಿಂದ ನಡೆಯುತ್ತಿರುವ ಅಲ್ಲಿಯ ಆಲ್ಪೆನ್‌ಫೆರೈನ್ ಹೇಳಿ ಮಾಡಿಸಿದ್ದು. ಬೆಟ್ಟ ಹತ್ತಿಸುವ ಗುಂಪುಗಳು ಬಹಳಷ್ಟು ಊರುಗಳಲ್ಲಿವೆ. ಕೈ ಕೆಲಸಕ್ಕೆ ಫೋಕ್ಸ್‌ಹೋಖ್‌ಶೂಲೆ ಅನ್ನುವ ಸಂಜೆ ಶಾಲೆಗಳಿವೆ. ಹೊಲಿಗೆ, ಅಡುಗೆ, ಭಾಷೆ ಎಲ್ಲ ಕಡಿಮೆ ಖರ್ಚಿನಲ್ಲಿ ಕಲಿಸುತ್ತಾರೆ. ಎಷ್ಟೋ ಊರುಗಳ ಲೈಬ್ರರಿಯಲ್ಲಿ ವಾರಕ್ಕೊಮ್ಮೆ ಭಾಷಾ ಕೆಫೆ ನಡೆಯುತ್ತದೆ. ಅಲ್ಲಿ ನಿಮ್ಮ ಹಾಗೇ ಹೊಸದಾಗಿ ಬಂದ ಸಿರಿಯಾದವರು, ಬ್ರೆಜಿಲಿನವರು ಸಿಗುತ್ತಾರೆ. ಅವರಿಗೂ ಶನಿವಾರ ಖಾಲಿ. ಮೊದಲ ಸ್ನೇಹ ಹೆಚ್ಚಾಗಿ ಇಂಥವರ ಜೊತೆಯೇ ಆಗುವುದು, ಅದರಲ್ಲಿ ಬೇಜಾರು ಪಡುವಂಥದ್ದೇನಿಲ್ಲ.

ಇಂಗ್ಲೆಂಡಿನಲ್ಲಿ ನೈಟ್ ಶಿಫ್ಟ್ ಮಾಡುವ ನರ್ಸ್‌ಗಳಿಗೆ ವಾರದ ಹೊತ್ತು ಹಿಡಿಯುವುದು ಕಷ್ಟ. ಅವರು ದಿನಕ್ಕೆ ಕಟ್ಟುಬೀಳದೆ ಜನಕ್ಕೆ ಕಟ್ಟುಬೀಳಬೇಕು. ಒಂದೇ ರೋಟಾದಲ್ಲಿ, ಅಂದರೆ ಪಾಳಿ ಪಟ್ಟಿಯಲ್ಲಿ, ಇರುವ ಇಬ್ಬರನ್ನು ಹಿಡಿದು, ಶಿಫ್ಟ್ ಮುಗಿದ ಬೆಳಿಗ್ಗೆ ಒಟ್ಟಿಗೆ ತಿಂಡಿ ತಿಂದೇ ಮಲಗುವುದು ಅಂತ ಮಾಡಿಕೊಳ್ಳಲಿ.

ಹೆಜ್ಜೆ 5: ಮನೆಗೆ ಕರೆಯಿರಿ, ಅವರು ಕರೆಯಲಿ ಅಂತ ಕಾಯಬೇಡಿ

ಮಲೆನಾಡಿನ ಮನೆಗೆ ಮಧ್ಯಾಹ್ನ ಹನ್ನೆರಡಕ್ಕೆ ಯಾರೇ ಬರಲಿ, "ಊಟ ಮಾಡ್ಕೊಂಡೇ ಹೋಗಿ" ಅಂತಾರೆ. ಹೊರದೇಶದಲ್ಲಿ ಹೇಳದೆ ಕೇಳದೆ ಯಾರ ಮನೆಗಾದರೂ ಹೋಗುವುದು ಒರಟುತನ. ಜರ್ಮನಿಯಲ್ಲಿ ಎರಡು ವಾರ ಮೊದಲೇ ದಿನ ಗೊತ್ತುಮಾಡಿ, ಗಂಟೆ ಹೇಳಿ ಕರೆಯಬೇಕು. ಆರು ಅಂದರೆ ಆರಕ್ಕೇ ಬಾಗಿಲು ಬಡಿಯುತ್ತಾರೆ, ಆರೂವರೆಗೆ ನೀವು ಸ್ನಾನಕ್ಕೆ ಹೋಗುವ ಲೆಕ್ಕ ನಡೆಯುವುದಿಲ್ಲ. ಇಂಗ್ಲೆಂಡಿನವರು "ಯಾವತ್ತಾದ್ರೂ ಸಿಗೋಣ" ಅಂದರೆ ಅದು ಕರೆಯಲ್ಲ. "ಬರುವ ಗುರುವಾರ ಸಂಜೆ ಆಗುತ್ತಾ?" ಅಂತ ನೀವೇ ಕೇಳಿ. ಅಮೆರಿಕದವರು "ಹೇಗಿದ್ದೀರಿ" ಅಂತ ಕೇಳುವುದು ನಮ್ಮ "ಊಟ ಆಯ್ತಾ" ಇದ್ದ ಹಾಗೆ. ನಿಮ್ಮ ಸೊಂಟನೋವಿನ ಕಥೆ ಶುರು ಮಾಡುವಷ್ಟರಲ್ಲಿ ಅವರು ಲಿಫ್ಟಿನಲ್ಲಿರುತ್ತಾರೆ.

ಮೊದಲ ಸಲ ಇಬ್ಬರನ್ನೇ ಕರೆಯಿರಿ. ಅಡುಗೆ ಏನು ಅಂತ ತಲೆ ಕೆಡಿಸಿಕೊಳ್ಳಬೇಡಿ, ಅಕ್ಕಿ ರೊಟ್ಟಿ ಕಾಯಿ ಚಟ್ನಿ ಮಾಡಿ. ಅದರಲ್ಲಿ ಹಾಲಿಲ್ಲ, ಮೊಟ್ಟೆಯಿಲ್ಲ, ಗೋಧಿಯಿಲ್ಲ. ಅಲ್ಲಿ ಒಬ್ಬರಿಗಲ್ಲ ಒಬ್ಬರಿಗೆ ಇವುಗಳಲ್ಲಿ ಒಂದು ಆಗುವುದಿಲ್ಲ. ಅಕ್ಕಿ ಹಿಟ್ಟು ಏಷ್ಯನ್ ಅಂಗಡಿಯಲ್ಲಿ ಸಿಗುತ್ತದೆ. ಥಾಯ್ ಅಂಗಡಿಯಾದರೆ ಪ್ಯಾಕೆಟ್ ಓದಿ ತಗೊಳ್ಳಿ, ಅಂಟಕ್ಕಿ ಹಿಟ್ಟನ್ನೂ ಪಕ್ಕದಲ್ಲೇ ಇಟ್ಟಿರುತ್ತಾರೆ, ಅದರಲ್ಲಿ ರೊಟ್ಟಿ ಏಳುವುದಿಲ್ಲ. ಸಬ್ಬಸಿಗೆ ಸೊಪ್ಪಿಗೆ ಎಲ್ಲೂ ಅಲೆಯಬೇಕಿಲ್ಲ. ಜರ್ಮನಿ, ಪೋಲೆಂಡ್, ಸ್ವೀಡನ್ನಿನವರು ಸೌತೆಕಾಯಿಗೂ ಮೀನಿಗೂ ಅದನ್ನೇ ಹಾಕುತ್ತಾರೆ, ಸೂಪರ್ ಮಾರ್ಕೆಟ್ಟಿನಲ್ಲಿ ಕಟ್ಟು ಕಟ್ಟು ಇರುತ್ತದೆ. ಬಿಸಿನೀರಲ್ಲಿ ಹಿಟ್ಟು ಕಲಸಿ, ಸೊಪ್ಪು, ಈರುಳ್ಳಿ ಹಾಕಿ, ಹಸಿಮೆಣಸಿನಕಾಯಿ ನಿಮ್ಮ ಅಂದಾಜಿನ ಕಾಲುಭಾಗ ಹಾಕಿ. ಬಾಳೆಲೆ ಬದಲು ಬೇಕಿಂಗ್ ಪೇಪರಿನ ಮೇಲೆ ತಟ್ಟಿ. ಕಿಟಕಿ ತೆರೆದೇ ಕಾವಲಿ ಇಡಿ, ಹೊಗೆ ಅಲಾರಂ ಕೂಗಿದರೆ ಇಡೀ ಕಟ್ಟಡದವರ ಪರಿಚಯ ಒಂದೇ ಸಲ ಆಗಿಬಿಡುತ್ತದೆ.

ಬಂದವರಿಗೇ ಒಂದು ಉಂಡೆ ಕೊಟ್ಟು ತಟ್ಟಲು ಹೇಳಿ. ಹರಿದ ರೊಟ್ಟಿ ನೋಡಿ ಅವರು ನಗುತ್ತಾರೆ, ಮಾತು ಅಲ್ಲಿಂದ ಶುರುವಾಗುತ್ತದೆ. ಕೂರಿಸಿ ಬಡಿಸುತ್ತಾ ನಿಂತರೆ ಅವರು ಸಂಕೋಚ ಪಟ್ಟುಕೊಂಡು ಉಂಡು ಹೋಗುತ್ತಾರೆ, ಅಷ್ಟೇ.

ಕೊಡುವುದು ನಮಗೆ ಸಲೀಸು, ಕೇಳುವುದು ಕಷ್ಟ. ಆದರೆ ಕೇಳಬೇಕು. ಡ್ರಿಲ್ ಮೆಷಿನ್ ಕೇಳಿ, ಸರ್ಕಾರದ ಪತ್ರ ಓದಿ ಹೇಳಿ ಅಂತ ಕೇಳಿ. ಒಂದು ಚಿಕ್ಕ ಸಹಾಯ ಪಡೆದ ಮೇಲೆ ನೀವು ಅವರಿಗೆ ಏನೋ ಕೊಡಬಹುದು, ಅವರು ಮತ್ತೆ ಬರಬಹುದು. ಊರಲ್ಲಿ ಪಕ್ಕದ ಮನೆಗೆ ಒಂದು ಲೋಟ ಸಕ್ಕರೆ ಕೇಳಲು ಹೋಗುತ್ತಿದ್ದುದೂ ಇದೇ ಕೆಲಸ ಮಾಡುತ್ತಿತ್ತು ಅಲ್ವಾ?

ಹೆಜ್ಜೆ 6: ಕನ್ನಡ ಸಂಘ, ಎಷ್ಟು ಬೇಕೋ ಅಷ್ಟು

ದೊಡ್ಡ ಊರುಗಳಲ್ಲಿ ಕನ್ನಡ ಸಂಘ ಇದ್ದೇ ಇರುತ್ತದೆ. ಇಂಗ್ಲೆಂಡಿನಲ್ಲಿ ಕನ್ನಡ ಬಳಗ ಯುಕೆ, ಸಿಂಗಪುರದಲ್ಲಿ ಸಿಂಗಪುರ ಕನ್ನಡ ಸಂಘ, ಬಹರೇನಿನಲ್ಲಿ ಕನ್ನಡ ಸಂಘ ಹಳೆಯ ಹೆಸರುಗಳು. ಅಮೆರಿಕದಲ್ಲಿ ಊರೂರಿನ ಕನ್ನಡ ಕೂಟಗಳಿವೆ. ಅಕ್ಕ, ನಾವಿಕ ಅನ್ನುವ ದೊಡ್ಡ ಸಂಸ್ಥೆಗಳು ನಡೆಸುವ ಸಮ್ಮೇಳನಗಳಿಗೆ ಸಾವಿರಾರು ಜನ ಸೇರುತ್ತಾರೆ. ಸಮ್ಮೇಳನ ನೋಡಲು ಚೆಂದ. ಒಂಟಿತನಕ್ಕೆ ಮಾತ್ರ ಅದರಿಂದ ಉಪಯೋಗ ಕಮ್ಮಿ. ಎರಡು ಮೂರು ದಿನ ಕನ್ನಡದ ಸಂತೆ, ನಾಲ್ಕನೇ ದಿನ ಮತ್ತೆ ಖಾಲಿ ಮನೆ. ತಿಂಗಳಿಗೊಮ್ಮೆ ಯಾರದೋ ಮನೆಯಲ್ಲಿ ಹತ್ತು ಜನ ಸೇರುವ ಓದುಬಳಗ, ಭಾನುವಾರ ಮಕ್ಕಳಿಗೆ ಕನ್ನಡ ಕಲಿಸುವ ಶಾಲೆ, ಇವು ಅದಕ್ಕಿಂತ ಎಷ್ಟೋ ವಾಸಿ.

ಸಂಘದ ಗಣೇಶ ಹಬ್ಬಕ್ಕೋ ರಾಜ್ಯೋತ್ಸವಕ್ಕೋ ಹೋದಾಗ ಹಿಂದಿನ ಸಾಲಲ್ಲಿ ಕೂತು ಬರಬೇಡಿ. ಒಂದು ಗಂಟೆ ಮೊದಲೇ ಹೋಗಿ "ಏನಾದ್ರೂ ಮಾಡ್ಲಾ?" ಅಂತ ಕೇಳಿ. ಕುರ್ಚಿ ಹಾಕುವವರು, ಬಿಸಿಬೇಳೆಭಾತ್ ಬಡಿಸುವವರು ಎಲ್ಲ ಸಂಘಕ್ಕೂ ಯಾವಾಗಲೂ ಕಮ್ಮಿ. ಬಡಿಸಿದವರನ್ನು ಮುಂದಿನ ಸಲ ಎಲ್ಲರೂ ಗುರುತಿಸುತ್ತಾರೆ. ಅಮೆರಿಕದ ಪೂರ್ವ ಭಾಗದಲ್ಲಿರುವ ಕೊಪ್ಪ, ಶೃಂಗೇರಿ ಕಡೆಯವರಿಗೆ ಪೆನ್ಸಿಲ್ವೇನಿಯಾದ ಸ್ಟ್ರೌಡ್ಸ್‌ಬರ್ಗ್‌ನಲ್ಲಿ ಶೃಂಗೇರಿ ಮಠದ್ದೇ ಶಾರದಾಂಬೆ ದೇವಸ್ಥಾನವಿದೆ. ಅಲ್ಲಿಗೂ ಇದೇ ಮಾತು. ದರ್ಶನ ಮಾಡಿ ಕಾರು ಹತ್ತಿದರೆ ಯಾರ ಪರಿಚಯವೂ ಆಗದು, ಅಡುಗೆಮನೆಯಲ್ಲಿ ತರಕಾರಿ ಹೆಚ್ಚಲು ಕೂತರೆ ಆಗುತ್ತದೆ.

ಒಂದು ಎಚ್ಚರಿಕೆ. "ಯಾವ ಕಡೆಯವರು?" ಅಂತ ಶುರುವಾದ ಮಾತು "ನಿಮ್ಮ ಪೈಕಿ ಯಾರು?" ಅನ್ನುವಲ್ಲಿಗೆ ಬರುವುದು ಅಲ್ಲೂ ಉಂಟು. ಏಳು ಸಮುದ್ರ ದಾಟಿ ಜಾತಿ ಹುಡುಕುವವರಿಗೆ ಉತ್ತರ ಕೊಡಬೇಕಾಗಿಲ್ಲ, ಊಟದ ಸಾಲಿಗೆ ಹೋಗಿ. ಹಾಗೇ, ನಮ್ಮವರೇ ಇಷ್ಟು ಜನ ಇದ್ದಾರಲ್ಲ, ಬೇರೆಯವರು ಯಾಕೆ ಅಂತ ಅಲ್ಲಿಗೇ ನಿಂತುಬಿಡಬೇಡಿ. ಆಫೀಸಿನಲ್ಲಿ, ಮಕ್ಕಳ ಶಾಲೆಯಲ್ಲಿ, ಪಕ್ಕದ ಮನೆಯಲ್ಲಿ ದಿನವಿಡೀ ಕಾಣುವವರು ಆ ಊರಿನವರೇ.

ಹೆಜ್ಜೆ 7: ಮನೆಗೆ ಫೋನ್

ದಿನಾ ಎರಡು ಗಂಟೆ ಊರಿಗೆ ವಿಡಿಯೋ ಕಾಲ್ ಮಾಡುವವರು ಇದ್ದಾರೆ. ಮಾತಾಡುವವರೆಗೆ ಹಾಯಾಗಿರುತ್ತದೆ. ಆದರೆ ಆ ಎರಡು ಗಂಟೆ ಸಂಜೆಯ ಹೊತ್ತೇ ಆಗಿದ್ದರೆ, ಹೊಸಬರ ಜೊತೆ ಕಳೆಯಬೇಕಾದ ಹೊತ್ತೆಲ್ಲ ಅದಕ್ಕೇ ಹೋಯಿತು. ವಾರದ ದಿನ ಹತ್ತು ನಿಮಿಷ, ಭಾನುವಾರ ಒಂದು ಉದ್ದನೆಯ ಕರೆ ಅಂತ ಮಾಡಿಕೊಂಡರೆ ಎರಡೂ ಕಡೆಯವರಿಗೆ ಒಳ್ಳೆಯದು.

ಹೊತ್ತು ಗೊತ್ತುಮಾಡುವಾಗ ಲೆಕ್ಕ ಸರಿಯಿರಲಿ. ಜರ್ಮನಿ ನಮಗಿಂತ ಬೇಸಿಗೆಯಲ್ಲಿ ಮೂರೂವರೆ ಗಂಟೆ ಹಿಂದೆ, ಚಳಿಗಾಲದಲ್ಲಿ ನಾಲ್ಕೂವರೆ. ಇಂಗ್ಲೆಂಡ್ ನಾಲ್ಕೂವರೆ ಮತ್ತು ಐದೂವರೆ. ನ್ಯೂಯಾರ್ಕ್ ಒಂಬತ್ತೂವರೆ ಮತ್ತು ಹತ್ತೂವರೆ. ದುಬೈ ವರ್ಷಪೂರ್ತಿ ಒಂದೂವರೆ. ಯುರೋಪಿನಲ್ಲಿ ಮಾರ್ಚ್ ಮತ್ತು ಅಕ್ಟೋಬರ್ ತಿಂಗಳ ಕೊನೆಯ ಭಾನುವಾರ ಗಡಿಯಾರ ಬದಲಾಗುತ್ತದೆ. ಆ ಎರಡು ದಿನಕ್ಕೆ ಊರಿನ ಅಡುಗೆಮನೆ ಕ್ಯಾಲೆಂಡರಿನಲ್ಲಿ ಗುರುತು ಹಾಕಿಟ್ಟು ಬನ್ನಿ. ಇಲ್ಲದಿದ್ದರೆ "ಯಾಕೋ ಇವತ್ತು ಫೋನೇ ಬರ್ಲಿಲ್ಲ" ಅಂತ ಅಮ್ಮ ಒಂದು ಗಂಟೆ ಗಾಬರಿಯಲ್ಲಿ ಕೂರುತ್ತಾರೆ.

ಮುಖಕ್ಕೆ ಮುಖ ಕೊಟ್ಟು "ಮತ್ತೆ? ಇನ್ನೇನು?" ಅನ್ನುವ ಕರೆ ಬೇಗ ಬತ್ತಿಹೋಗುತ್ತದೆ. ಫೋನನ್ನು ಒರಗಿಸಿಟ್ಟು ಇಬ್ಬರೂ ಅವರವರ ಕೆಲಸ ಮಾಡಿ. ನೀವು ತರಕಾರಿ ಹೆಚ್ಚುತ್ತಿರಿ, ಅಮ್ಮ ಅವರೆಕಾಯಿ ಸುಲಿಯುತ್ತಿರಲಿ. ಮಾತು ಬಂದಾಗ ಬರುತ್ತೆ.

ಇನ್‌ಸ್ಟಾಗ್ರಾಂನಲ್ಲಿ ಗೆಳೆಯರ ಮದುವೆ, ಹಾಸನಾಂಬೆ ದರ್ಶನದ ಫೋಟೋ ನೋಡುತ್ತಾ ಮಲಗುವ ಅಭ್ಯಾಸ ಬಿಡಿ. ಬೇರೇನೂ ಹೇಳಲ್ಲ.

ಹೆಜ್ಜೆ 8: ಡಿಸೆಂಬರಿಗೆ ಅಕ್ಟೋಬರಿನಲ್ಲೇ ತಯಾರಾಗಿ

ಯುರೋಪಿಗೆ, ಅಮೆರಿಕದ ಉತ್ತರಕ್ಕೆ ಹೋದ ನಮ್ಮ ಕಡೆಯವರಿಗೆ ವರ್ಷದಲ್ಲಿ ಅತಿ ಕೆಟ್ಟ ಹೊತ್ತು ಡಿಸೆಂಬರ್ ಮಧ್ಯದಿಂದ ಜನವರಿ. ಮೂರು ಕಷ್ಟ ಒಟ್ಟಿಗೆ ಬರುತ್ತವೆ. ಹಾಸನದಲ್ಲಿ ಡಿಸೆಂಬರಿನಲ್ಲೂ ಸಂಜೆ ಆರರವರೆಗೆ ಬೆಳಕು. ಲಂಡನ್, ಬರ್ಲಿನ್‌ನಲ್ಲಿ ನಾಲ್ಕಕ್ಕೆಲ್ಲ ಕತ್ತಲು, ಸ್ಟಾಕ್‌ಹೋಮಿನಲ್ಲಿ ಮೂರಕ್ಕೂ ಮೊದಲೇ. ಕ್ರಿಸ್‌ಮಸ್ಸಿಗೆ ಅಲ್ಲಿಯವರೆಲ್ಲ ಅವರವರ ಊರಿಗೆ ಹೊರಡುತ್ತಾರೆ, ಹಾಸ್ಟೆಲ್ ಖಾಲಿ. ಜರ್ಮನಿಯಲ್ಲಿ 24ರ ಮಧ್ಯಾಹ್ನದಿಂದ 26ರವರೆಗೆ ಅಂಗಡಿಯೂ ಇಲ್ಲ. ಇತ್ತ ಸಕಲೇಶಪುರ, ಮೂಡಿಗೆರೆ ಕಡೆ ಅದು ಕಾಫಿ ಕೊಯ್ಲಿನ ಸಮಯ. ಅರೇಬಿಕಾ ಮುಗಿಯುವಷ್ಟರಲ್ಲಿ ರೊಬಸ್ಟಾ ಹಣ್ಣಾಗುತ್ತದೆ. ಅಪ್ಪ ಕಣದಲ್ಲಿ, ಅಮ್ಮ ಆಳುಗಳ ಊಟ ತಿಂಡಿಯಲ್ಲಿ. ನೀವು ಫೋನ್ ಮಾಡಿದರೆ "ಆಮೇಲೆ ಮಾಡ್ತೀನಿ ಮಗಾ, ಆಳು ಕೂಗ್ತಿದಾರೆ" ಅಂತ ಇಡುತ್ತಾರೆ. ಯಾರ ತಪ್ಪೂ ಇಲ್ಲ. ಆದರೆ ಬೇಕಾದಾಗಲೇ ಎಲ್ಲ ಬಾಗಿಲೂ ಮುಚ್ಚಿದ ಹಾಗೆ ಅನಿಸುತ್ತದೆ.

ಹಾಗಾಗಿ ಅಕ್ಟೋಬರಿನಲ್ಲೇ ಕೇಳಲು ಶುರು ಮಾಡಿ: "ಕ್ರಿಸ್‌ಮಸ್ಸಿಗೆ ಊರಲ್ಲೇ ಯಾರ್ಯಾರು ಉಳೀತೀರಿ?" ಉಳಿಯುವವರು ನಾಲ್ಕು ಜನ ಸಿಕ್ಕೇ ಸಿಗುತ್ತಾರೆ, ಹೆಚ್ಚಿನವರು ಹೊರದೇಶದವರೇ. 24ರ ಸಂಜೆಯ ಅಡುಗೆ ಹಂಚಿಕೊಳ್ಳಿ, ದಿನಸಿ 23ಕ್ಕೇ ತಂದಿಡಿ. ಆ ಊರಿನ ಯಾರಾದರೂ ಮನೆಗೆ ಕರೆದರೆ "ಯಾಕೆ ತೊಂದ್ರೆ" ಅನ್ನದೆ ಒಪ್ಪಿಕೊಳ್ಳಿ. ಒಂದು ಸಲ ಬೇಡ ಅಂದರೆ ಅವರು ನಮ್ಮವರ ಹಾಗೆ ಮೂರು ಸಲ ಬಲವಂತ ಮಾಡುವುದಿಲ್ಲ.

ಬೆಳಕಿನ ಬಗ್ಗೆ. ಚಳಿಗಾಲದಲ್ಲಿ ಮಾತ್ರ ಮನಸ್ಸು ಕುಗ್ಗುವ ಕಾಯಿಲೆಯೊಂದಿದೆ, 1984ರಿಂದ ವೈದ್ಯರು ಅದನ್ನು ಗುರುತಿಸುತ್ತಿದ್ದಾರೆ. ಮಂಕು ಬೆಳಕಾದರೂ ಸರಿ, ಬೆಳಿಗ್ಗೆ ಅರ್ಧ ಗಂಟೆ ಹೊರಗೆ ನಡೆಯಿರಿ. 10,000 ಲಕ್ಸ್‌ನಷ್ಟು (ಲಕ್ಸ್ ಅಂದರೆ ಬೆಳಕಿನ ಅಳತೆ) ಪ್ರಖರವಾದ ದೀಪದ ಮುಂದೆ ಬೆಳಿಗ್ಗೆ 20ರಿಂದ 30 ನಿಮಿಷ ಕೂರುವುದೂ ಒಂದು ಚಿಕಿತ್ಸೆ. ಕಣ್ಣಿನ ತೊಂದರೆ ಅಥವಾ ಬೈಪೋಲಾರ್ ಅನ್ನುವ ಮನಸ್ಸಿನ ಕಾಯಿಲೆ ಇರುವವರು ವೈದ್ಯರನ್ನು ಕೇಳದೆ ದೀಪ ತರಬಾರದು. ವಿಟಮಿನ್ ಡಿ ಪರೀಕ್ಷೆಯನ್ನೂ ಮಾಡಿಸಿ, ನಮ್ಮ ಮೈಬಣ್ಣದವರಿಗೆ ಆ ಬಿಸಿಲು ಸಾಲುವುದಿಲ್ಲ.

ಹೆಜ್ಜೆ 9: ಮದುವೆಯಾಗಿ ಹೋದವರಿಗೆ

ಗಂಡನ ವೀಸಾದ ಮೇಲೆ ಹೋದ ಹೆಣ್ಣುಮಕ್ಕಳ ಒಂಟಿತನ ಬೇರೆಯೇ. ಅವನಿಗೆ ಆಫೀಸು, ಸಹೋದ್ಯೋಗಿಗಳು, ಭಾಷೆ ಎಲ್ಲ ಇದೆ. ಇವಳು ಬಿ.ಇ. ಮುಗಿಸಿ ಕೆಲಸದಲ್ಲಿದ್ದವಳು, ಈಗ ಅವನು ಬರುವ ಹೊತ್ತಿಗೆ ಕಾಯುವವಳು. ಅಮೆರಿಕದಲ್ಲಿ ಕೆಲಸದ ವೀಸಾದವರ ಹೆಂಡತಿಗೋ ಗಂಡನಿಗೋ ಕೊಡುವ ಎಚ್-4 ವೀಸಾದಲ್ಲಿ ಹಾಗೇ ಕೆಲಸ ಮಾಡುವಂತಿಲ್ಲ. 2015ರಿಂದ ಕೆಲವರಿಗೆ ಅನುಮತಿ ಸಿಗುತ್ತಿದೆ, ಅದೂ ಗಂಡನ ಗ್ರೀನ್ ಕಾರ್ಡ್ ಅರ್ಜಿ ಒಂದು ಹಂತ ದಾಟಿದ ಮೇಲೆ. ಜರ್ಮನಿ, ಇಂಗ್ಲೆಂಡಿನಲ್ಲಿ ಕೆಲಸದ ವೀಸಾದವರ ಹೆಂಡತಿ ಅಥವಾ ಗಂಡ ಸಾಮಾನ್ಯವಾಗಿ ದುಡಿಯಬಹುದು. ಮದುವೆ ಮಾತುಕತೆಯಲ್ಲಿ ಹುಡುಗನ ಸಂಬಳ ಕೇಳುವ ಅಪ್ಪಂದಿರು ಇದನ್ನೂ ಕೇಳಬೇಕು.

ಹೋದ ಮೇಲೆ ನಿಮ್ಮದೇ ಅಂತ ನಾಲ್ಕು ವಸ್ತು ಇರಲಿ: ನಿಮ್ಮ ಹೆಸರಿನ ಸಿಮ್, ಬ್ಯಾಂಕ್ ಕಾರ್ಡ್, ಲೈಬ್ರರಿ ಕಾರ್ಡ್, ಬಸ್ ಪಾಸ್. ಅಮೆರಿಕದಲ್ಲಾದರೆ ಬಸ್ ಪಾಸ್ ಬದಲು ಡ್ರೈವಿಂಗ್ ಲೈಸೆನ್ಸ್, ಅದೂ ಮೊದಲ ಕೆಲವು ತಿಂಗಳಲ್ಲೇ. ಕಾರಿಲ್ಲದೆ ಅಲ್ಲಿ ಹಾಲು ತರಲೂ ಗಂಡನೇ ಬರಬೇಕು. ಪುಟ್ಟ ಮಗು ಇದ್ದರೆ ಲೈಬ್ರರಿಯ ಕಥೆ ಹೇಳುವ ಹೊತ್ತಿಗೆ ಪ್ರತಿ ವಾರ ಹೋಗಿ. ಮಕ್ಕಳಿಗೆ ಕಥೆ, ನಿಮಗೆ ಬೇರೆ ಅಮ್ಮಂದಿರು. ಗಂಡನ ಗೆಳೆಯರ ಹೆಂಡತಿಯರು ಮಾತ್ರ ಗೊತ್ತಿದ್ದರೆ ಸಾಲದು. ಗಂಡನಿಗೆ ಗೊತ್ತಿಲ್ಲದ ಒಬ್ಬರಾದರೂ ನಿಮಗೆ ಗೊತ್ತಿರಲಿ.

ಪಾಸ್‌ಪೋರ್ಟ್ ಕಿತ್ತಿಟ್ಟುಕೊಳ್ಳುವುದು, ಫೋನ್ ನೋಡುವುದು, ತವರಿಗೆ ಮಾತಾಡಲು ಬಿಡದಿರುವುದು ಇದ್ದರೆ ಅದನ್ನು ಒಂಟಿತನ ಅಂತ ಸಹಿಸಬೇಡಿ. ಅದು ಹಿಂಸೆ. ಆ ದೇಶದ ತುರ್ತು ಸಂಖ್ಯೆ, ಭಾರತದ ರಾಯಭಾರ ಕಚೇರಿ, ಇಲ್ಲಿ ರಾಷ್ಟ್ರೀಯ ಮಹಿಳಾ ಆಯೋಗದ ಎನ್‌ಆರ್‌ಐ ವಿಭಾಗ ಇವೆ. ಪಾಸ್‌ಪೋರ್ಟ್, ವೀಸಾದ ಪ್ರತಿಗಳು ತವರಿನಲ್ಲೂ ಒಂದು ಸೆಟ್ ಇರಲಿ.

ಹೆಜ್ಜೆ 10: ಯಾವಾಗ ವೈದ್ಯರ ಹತ್ತಿರ ಹೋಗಬೇಕು

ಎರಡು ವಾರ ಬಿಡದೆ ಮನಸ್ಸು ಕುಗ್ಗಿದ್ದರೆ, ನಿದ್ದೆ ಕೆಟ್ಟಿದ್ದರೆ, ಊಟ ಸೇರದಿದ್ದರೆ, ಇಷ್ಟವಾಗುತ್ತಿದ್ದುದೂ ಬೇಡ ಅನಿಸಿದರೆ ಅದನ್ನು ಹೊಸ ಗೆಳೆಯರು ಸರಿಮಾಡಲಾರರು. ವಿದ್ಯಾರ್ಥಿಗಳಿಗೆ ಬಹುತೇಕ ವಿಶ್ವವಿದ್ಯಾಲಯಗಳಲ್ಲಿ ಆಪ್ತಸಲಹೆ ಉಚಿತ. ಅಲ್ಲಿ ಹೇಳಿದ್ದು ನಿಮ್ಮ ಪ್ರೊಫೆಸರಿಗೆ ತಲುಪುವುದಿಲ್ಲ. ಇಂಗ್ಲೆಂಡಿನಲ್ಲಿ ಸರ್ಕಾರಿ ಆರೋಗ್ಯ ಸೇವೆಯಾದ ಎನ್‌ಎಚ್‌ಎಸ್‌ನ ಟಾಕಿಂಗ್ ಥೆರಪಿಗೆ (ಮಾತಿನ ಮೂಲಕ ಕೊಡುವ ಚಿಕಿತ್ಸೆಗೆ) ನೀವೇ ಹೆಸರು ಬರೆಸಬಹುದು, ಡಾಕ್ಟರ ಚೀಟಿ ಬೇಕಿಲ್ಲ.

ಬದುಕೇ ಬೇಡ ಅನಿಸಿದರೆ ಕಾಯಬೇಡಿ, ಆ ರಾತ್ರಿಯೇ ಫೋನ್ ಮಾಡಿ. ಅಮೆರಿಕ, ಕೆನಡಾದಲ್ಲಿ 988. ಇಂಗ್ಲೆಂಡ್, ಐರ್ಲೆಂಡಿನಲ್ಲಿ 116 123. ಜರ್ಮನಿಯಲ್ಲಿ 0800 111 0 111. ಆಸ್ಟ್ರೇಲಿಯಾದಲ್ಲಿ 13 11 14. ಯುಎಇಯಲ್ಲಿ ಕೆಲಸದ ಜಾಗದ ತೊಂದರೆಗೂ ಸೇರಿಸಿ ಭಾರತೀಯರಿಗಾಗಿ ಇರುವ ಸಹಾಯವಾಣಿ 800 46342. ಊರಲ್ಲಿರುವ ಮನೆಯವರಿಗೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416 ಇದೆ, ಕನ್ನಡದಲ್ಲೇ ಮಾತಾಡಬಹುದು. ಮಗನ ಬಗ್ಗೆ ಚಿಂತೆಯಾದರೆ ಏನು ಮಾಡಬೇಕು ಅಂತ ಅಪ್ಪ ಅಮ್ಮನೂ ಕೇಳಬಹುದು.

ಊರಲ್ಲಿರುವ ಅಪ್ಪ ಅಮ್ಮಂದಿರಿಗೆ

ನಿಮ್ಮ ಮಾತು ಅಲ್ಲಿ ಎಷ್ಟು ಭಾರವಾಗಿ ಬೀಳುತ್ತದೆ ಅಂತ ನಿಮಗೆ ಗೊತ್ತಾಗುವುದಿಲ್ಲ. "ಯಾವಾಗ ಬರ್ತೀಯ?" ಅಂತ ಪ್ರತಿ ಕರೆಯಲ್ಲೂ ಕೇಳಬೇಡಿ. "ಅವರ ಮಗ ಆಗಲೇ ಮನೆ ತಗೊಂಡ" ಅನ್ನುವುದನ್ನಂತೂ ಬಾಯಿಗೇ ತರಬೇಡಿ. "ಇವತ್ತು ಯಾರ ಜೊತೆ ಊಟ ಮಾಡಿದೆ?" ಅಂತ ಕೇಳಿ. ಹಲವು ವಾರ ಅದೇ ಉತ್ತರ, "ಒಬ್ನೇ", ಬಂದರೆ ಅದನ್ನು ಗಮನಿಸಿ. ಆಗ ಬುದ್ಧಿ ಹೇಳಲು ಹೋಗದೆ, ಅವನು ನಿಜ ಹೇಳುವ ಅಕ್ಕನಿಗೋ ಚಿಕ್ಕಮ್ಮನಿಗೋ ಮಾತಾಡಲು ಬಿಡಿ.

ಮನೆಯಲ್ಲಿ ಕೆಟ್ಟದ್ದಾದರೆ ಮುಚ್ಚಿಡಬೇಡಿ. ಅಜ್ಜಿ ಆಸ್ಪತ್ರೆ ಸೇರಿದ್ದು ಎಂಟು ದಿನ ಆದ ಮೇಲೆ ಗೊತ್ತಾದರೆ, ಆಮೇಲೆ ನೀವು "ಎಲ್ಲ ಚೆನ್ನಾಗಿದೀವಿ" ಅಂದಾಗಲೆಲ್ಲ ಮಕ್ಕಳು ನಂಬುವುದಿಲ್ಲ. ರಾತ್ರಿಯೆಲ್ಲ ವಾಟ್ಸಾಪಿನಲ್ಲಿ ಯಾರು ಯಾವಾಗ ಆನ್‌ಲೈನ್ ಇದ್ದರು ಅಂತ ನೋಡುತ್ತಾ ಕೂರುತ್ತಾರೆ. ಕೊಯ್ಲಿನ ಸಮಯದಲ್ಲಿ ಫೋನಿಗೆ ಹೊತ್ತಾಗದಿದ್ದರೆ ಕಣದಿಂದಲೇ ಅರ್ಧ ನಿಮಿಷದ ಒಂದು ವಾಯ್ಸ್ ಮೆಸೇಜ್ ಕಳಿಸಿ. ಆಳುಗಳ ಮಾತು, ನಾಯಿ ಬೊಗಳುವುದು ಎಲ್ಲ ಹಾಗೇ ಇರಲಿ.

ರಜೆಗೆ ಬಂದ ಮಕ್ಕಳನ್ನು ಹದಿನೈದು ದಿನದಲ್ಲಿ ಇಪ್ಪತ್ತು ನೆಂಟರ ಮನೆಗೆ ಕರೆದೊಯ್ಯಬೇಡಿ. ಮೊದಲ ನಾಲ್ಕು ದಿನ ಮನೆಯಲ್ಲೇ ಬಿಡಿ. ಹಳೇ ಗೆಳೆಯರಲ್ಲಿ ಇಬ್ಬರಾದರೂ ಬೆಂಗಳೂರಿಂದ ಬಂದು ಹೋಗುವ ಹಾಗೆ ಅವನೇ ಮೊದಲೇ ದಿನ ಗೊತ್ತುಮಾಡಿಕೊಳ್ಳಲಿ. ನೆಂಟರನ್ನು ಒಂದು ಭಾನುವಾರ ನಿಮ್ಮ ಮನೆಗೇ ಊಟಕ್ಕೆ ಕರೆದುಬಿಡಿ, ಎಲ್ಲರೂ ಒಟ್ಟಿಗೆ ನೋಡಿದ ಹಾಗಾಗುತ್ತದೆ.